ಸೈಕಲ್ಲಿನ ಗುಂಡಿನ ಬಿಬಿ (ಬಾಟಮ್ ಬ್ರಾಕೆಟ್) ತೆಗೆದು ಸೀಲ್ಡ್ ಬಿಬಿ ಹಾಕಿ 3 ವರ್ಷ ಆಯ್ತು, ಹೇಗಿದೆ ಅಂತ ಹೇಳ್ತೀನಿ

ಬಿಬಿ ಅಂದ್ರೆ ಫ್ರೇಮಿನ ತಳದಲ್ಲಿ ಎರಡೂ ಕ್ರ್ಯಾಂಕ್ (ಪೆಡಲ್ ಕೂರೋ ತೋಳು) ಸೇರಿಸೋ ಆಕ್ಸಲ್ಲು, ಅದರ ಬೇರಿಂಗು. ದಿನಾ ಕೆಲಸಕ್ಕೆ ಹೋಗಿ ಬರೋಕೆ 14 ಕಿಲೋಮೀಟರ್, ಮಳೆ ಬಂದ್ರೂ ಸೈಕಲ್ಲೇ. ಕೊಂಡು ಒಂದೂವರೆ ವರ್ಷಕ್ಕೇ ತುಳಿದಾಗೆಲ್ಲ ಕಟ್ ಕಟ್ ಸದ್ದು. ಪೆಡಲ್ ಮೇಲೆ ಅನುಮಾನ ಬಂದು ಅದನ್ನ ಬದಲಾಯಿಸ್ದೆ, ಸೀಟ್ ಪೋಸ್ಟ್ ಬಿಚ್ಚಿ ಗ್ರೀಸ್ ಹಚ್ದೆ, ಸದ್ದು ಹೋಗ್ಲಿಲ್ಲ, ಕೊನೆಗೆ ಚೈನ್ ಬೀಳೋಕೆ ಶುರುವಾದ್ಮೇಲೆ ಕ್ರ್ಯಾಂಕ್ ಹಿಡಿದು ಫ್ರೇಮಿನ ಕಡೆ ತಳ್ಳಿ ಎಳೆದು ನೋಡಿದ್ರೆ ಎರಡೂ ಕ್ರ್ಯಾಂಕ್ ಒಟ್ಟಿಗೇ ಅಲ್ಲಾಡ್ತಿದೆ. ಇದನ್ನ ನೀವು ಮೊದಲೇ ಮಾಡಿ. ಒಂದೇ ಕಡೆ ಅಲ್ಲಾಡಿದ್ರೆ ಆ ಕ್ರ್ಯಾಂಕ್ ಬೋಲ್ಟ್ ಸಡಿಲ, ಎರಡೂ ಅಲ್ಲಾಡಿದ್ರೆ ಬಿಬಿ.

ಬಿಬಿಯ ಕಪ್ (ಗುಂಡು ಕೂರೋ ಬಟ್ಟಲು) ಬಿಚ್ತಿದ್ದಂಗೇ ಕೆಂಪಗೆ ತುಕ್ಕಿನ ನೀರು ಕೈಮೇಲೆ ಸುರೀತು. ಗುಂಡು ಹಿಡಿದಿಡೋ ತಗಡಿನ ಕೇಜ್ 3 ಚೂರು, ಗುಂಡುಗಳ ಮೈತುಂಬ ಸಿಡುಬಿನ ಕಲೆ, ಆಕ್ಸಲ್ ಮೇಲೆ ಗುಂಡು ಓಡೋ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳೋ ಅಷ್ಟು ಹಳ್ಳ. ಗ್ರೀಸ್ ಹೆಸರಿಗೂ ಇಲ್ಲ. ಸೀಟ್ ಟ್ಯೂಬ್ ಒಳಗಿಂದ ಇಳಿಯೋ ನೀರೆಲ್ಲ ಬಂದು ನಿಲ್ಲೋದೇ ಅಲ್ಲಿ, ಆ ಜಾಗಕ್ಕೆ ಸೀಲ್ ಇಲ್ಲದ ಬಿಬಿ ಹಾಕಿ ದಿನಬಳಕೆ ಸೈಕಲ್ ಅಂತ ಮಾರ್ತಾರಲ್ಲ, ಇವತ್ತಿಗೂ ಸಿಟ್ಟು ಬರುತ್ತೆ.

ಬರೀ ಗುಂಡು ಬದಲಾಯಿಸಿದ್ರೆ ಆ ಹಳ್ಳದಲ್ಲೇ ಮತ್ತೆ ಓಡ್ಬೇಕು, ಅದಕ್ಕೆ ಶಿಮಾನೋ ಯುಎನ್ 300 ಅನ್ನೋ ಸೀಲ್ಡ್ ಬಿಬಿ ತಗೊಂಡೆ. ಬೇರಿಂಗು ಆಕ್ಸಲ್ಲು ಎಲ್ಲ ಒಂದೇ ಡಬ್ಬಿಯೊಳಗೆ ಮುಚ್ಚಿರುತ್ತೆ. ತಗೋಬೇಕಾದ್ರೆ ಅಳತೆ ಮುಖ್ಯ: ಫ್ರೇಮಿನ ಶೆಲ್ (ಬಿಬಿ ಕೂರೋ ಅಡ್ಡ ಕೊಳವೆ) ಅಗಲ ನಂದು 68 ಎಂಎಂ, ಹಳೇ ಆಕ್ಸಲ್ ತುದಿಯಿಂದ ತುದಿಗೆ 122.5. ಆಕ್ಸಲ್ ಗಿಡ್ಡ ಆದ್ರೆ ಚೈನ್ ರಿಂಗ್ (ಮುಂದಿನ ಹಲ್ಲಿನ ಚಕ್ರ) ಫ್ರೇಮಿಗೆ ತಾಗುತ್ತೆ, ಉದ್ದ ಆದ್ರೆ ಚೈನ್ ಓರೆಯಾಗಿ ಓಡುತ್ತೆ.

ಕ್ರ್ಯಾಂಕ್ ಬಿಚ್ಚೋಕೆ ಪುಲ್ಲರ್ ಅನ್ನೋ ಟೂಲ್ ಬೇಕು, ಹೊಸದನ್ನ ಹಾಕೋಕೆ 20 ಹಲ್ಲಿನ ಟೂಲ್ ಬೇಕು. ನನ್ನ ಫ್ರೇಮಿನಂಥ ಇಂಗ್ಲಿಷ್ ತ್ರೆಡ್ ಆದ್ರೆ ಚೈನ್ ಇರೋ ಬಲಗಡೆ ಉಲ್ಟಾ ತ್ರೆಡ್, ಬಿಚ್ಚೋಕೆ ಗಡಿಯಾರದ ಮುಳ್ಳು ತಿರುಗೋ ಕಡೆಗೇ ತಿರುಗಿಸ್ಬೇಕು. ಗೊತ್ತಿಲ್ದೆ ಆ ಕಡೆ ಈ ಕಡೆ ಬಲ ಹಾಕಿದ್ರೆ ಫ್ರೇಮಿನ ತ್ರೆಡ್ಡೇ ಹೋಗುತ್ತೆ. ಹೊಸದನ್ನ ಮೊದಲು ಕೈಯಲ್ಲೇ ಒಂದೆರಡು ಸುತ್ತು ಕೂರಿಸಿ, ತ್ರೆಡ್ಡಿಗೆ ಗ್ರೀಸ್ ಹಚ್ಚಿ. ಕ್ರ್ಯಾಂಕ್ ಬೋಲ್ಟ್ ಚೆನ್ನಾಗಿ ಟೈಟ್ ಮಾಡಿ, ಒಂದು ವಾರ ಓಡಿಸಿ ಮತ್ತೆ ಚೆಕ್ ಮಾಡಿ, ಸಡಿಲ ಇದ್ದು ತುಳಿದ್ರೆ ಅಲ್ಯೂಮಿನಿಯಂ ಕ್ರ್ಯಾಂಕಿನ ಚೌಕ ತೂತು ದುಂಡಗಾಗಿ ಕ್ರ್ಯಾಂಕೇ ಹೋಗುತ್ತೆ.

ಸೀಲ್ಡ್ ಬಿಬಿಯ ಕೊರತೆ ಅಂದ್ರೆ ಒಳಗೆ ಬಿಚ್ಚಿ ಗ್ರೀಸ್ ಹಾಕೋಕಾಗಲ್ಲ, ಹೋದ ದಿನ ಪೂರ್ತಿ ಎಸೆದು ಹೊಸದು ಹಾಕ್ಬೇಕು. ಗುಂಡಿನ ಬಿಬಿಯನ್ನ ವರ್ಷಕ್ಕೊಂದ್ಸಲ ಬಿಚ್ಚಿ ತೊಳೆದು ಗ್ರೀಸ್ ತುಂಬೋರಿಗೆ ಅದೂ ಬಾಳಿಕೆ ಬರುತ್ತೆ, ಮಳೇಲಿ ದಿನಾ ಓಡ್ಸೋ ನನಗೆ ಅದಾಗಲ್ಲ.

3 ಮಳೆಗಾಲ ಆಯ್ತು, ಒಂದ್ಸಲಾನೂ ಬಿಚ್ಚಿಲ್ಲ. ಹೋದ ತಿಂಗಳು ಚೈನ್ ಬದಲಾಯಿಸೋವಾಗ ಬರೀ ಕ್ರ್ಯಾಂಕ್ ತಿರುಗಿಸಿ ಫ್ರೇಮಿಗೆ ಕಿವಿ ಕೊಟ್ಟು ಕೇಳ್ದೆ, ಕರಕರ ಇಲ್ಲ, ಅಲ್ಲಾಟಾನೂ ಇಲ್ಲ.