ಝೀರೋ-ಟರ್ನ್ ಮೋವರ್, ಕೆಲವು ವರ್ಷಗಳ ಬಳಕೆಯ ನಂತರ: ಎಂಜಿನ್ ಆಯಿಲ್ ಎಲ್ಲರೂ ಬದಲಿಸುತ್ತಾರೆ, ಹೈಡ್ರಾಲಿಕ್ ಆಯಿಲ್ ಗತಿ?

ರೈಡಿಂಗ್ ಮೋವರ್, ಅಂದರೆ ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿ ಕೊಳ್ಳುವವರು ಬ್ಲೇಡ್ ಡೆಕ್ಕಿನ ಅಗಲ ಕೇಳುತ್ತಾರೆ, ಎಷ್ಟು ಎಚ್‌ಪಿ ಎಂದು ಕೇಳುತ್ತಾರೆ, ಸೀಟಿನ ಮೇಲೆ ಕೂತು ನೋಡುತ್ತಾರೆ. ಹಿಂದಿನ ಚಕ್ರಗಳನ್ನು ತಿರುಗಿಸುವ ಹೈಡ್ರಾಲಿಕ್ ಯೂನಿಟ್ಟಿನ ಆಯಿಲ್ ಬದಲಿಸಲು ಬರುತ್ತದೆಯೇ ಎಂದು ಕೇಳುವವರು ತೀರಾ ಕಡಿಮೆ. ನಾನು ಈ ಗಾಡಿಯನ್ನು ಆರಿಸಿಕೊಂಡದ್ದೇ ಆ ಪ್ರಶ್ನೆಗೆ ಸಿಕ್ಕ ಉತ್ತರದ ಮೇಲೆ. ಈಗ ಹವರ್ ಮೀಟರ್ ಇನ್ನೂರು ದಾಟಿ ಮುಂದೆ ಹೋಗಿದೆ, ಮೊದಲ ಸರ್ವಿಸ್‌ಗಳೆಲ್ಲ ಮುಗಿದಿವೆ. ಅವನ್ನು ಬೇಗ ಮಾಡಿದ್ದರಿಂದ ಏನಾಯಿತು, ಒಳಗಿನಿಂದ ಏನು ಹೊರಬಂತು ಎಂಬುದೇ ಈ ವಿಮರ್ಶೆ.

ನನ್ನದು ಕವಾಸಾಕಿ ಎಫ್‌ಆರ್ ಸರಣಿಯ ವಿ-ಟ್ವಿನ್ (ಎರಡು ಸಿಲಿಂಡರಿನ) ಎಂಜಿನ್ ಇರುವ ಝೀರೋ-ಟರ್ನ್, ಅಂದರೆ ಎರಡು ಹಿಂಚಕ್ರಗಳನ್ನು ಬೇರೆಬೇರೆಯಾಗಿ ತಿರುಗಿಸಿ ನಿಂತಲ್ಲೇ ಸುತ್ತಬಲ್ಲ ಮೋವರ್. ಎರಡು ಹಿಂಚಕ್ರಗಳಿಗೆ ಒಂದೊಂದು ಹೈಡ್ರೋ-ಗೇರ್ ಕಂಪನಿಯ ಜೆಡ್‌ಟಿ-3100 ಟ್ರಾನ್ಸ್‌ಆಕ್ಸಲ್, ಮೇಲೆ ಹೇಳಿದ ಹೈಡ್ರಾಲಿಕ್ ಯೂನಿಟ್ ಇದೇ. ಡೆಕ್ಕು, ಬ್ಲೇಡು, ಕತ್ತರಿಸುವ ಗುಣಮಟ್ಟ ಎಲ್ಲ ಚೆನ್ನಾಗಿದೆ, ಆ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನಾನು ಆಯಿಲ್ ವಿಷಯಕ್ಕೇ ಬರುತ್ತೇನೆ.

ಮೊದಲು ಎಂಜಿನ್. ಕವಾಸಾಕಿ ಈ ಸರಣಿಗೆ ಹೇಳುವುದು: ಮೊದಲ ಆಯಿಲ್ ಬದಲಾವಣೆ 8 ಗಂಟೆಗೆ, ನಂತರ ಪ್ರತಿ 100 ಗಂಟೆಗೆ, ಫಿಲ್ಟರ್ 200 ಗಂಟೆಗೆ. ಬ್ರಿಗ್ಸ್ ಆ್ಯಂಡ್ ಸ್ಟ್ರಾಟನ್ನಿನ ಹಲವು ಎಂಜಿನ್‌ಗಳಿಗೆ ಮೊದಲ ಬದಲಾವಣೆ 5ರಿಂದ 8 ಗಂಟೆಯೊಳಗೆ. ಹೋಂಡಾದ ಜಿಎಕ್ಸ್ ಎಂಜಿನ್‌ಗಳಿಗೆ ಮೊದಲ ತಿಂಗಳು ಅಥವಾ 20 ಗಂಟೆ. 8 ಗಂಟೆ ಕೇಳಿದಾಗ ಬಹಳ ಕಡಿಮೆ ಅನಿಸುತ್ತದೆ, ಇನ್ನೂ ಆಯಿಲ್ ಬಣ್ಣವೇ ಕೆಟ್ಟಿರುವುದಿಲ್ಲವಲ್ಲ ಎನ್ನುತ್ತಾರೆ. ಆದರೆ ಹುಲ್ಲು ಕತ್ತರಿಸುವಾಗ ಎಂಜಿನ್ ಹೆಚ್ಚುಕಡಿಮೆ ನಿಮಿಷಕ್ಕೆ 3600 ಸುತ್ತಿನಲ್ಲೇ ಓಡುತ್ತಿರುತ್ತದೆ. 8 ಗಂಟೆ ಎಂದರೆ 17 ಲಕ್ಷಕ್ಕೂ ಹೆಚ್ಚು ಸುತ್ತು. ಸಿಲಿಂಡರಿನ ಒಳಗೋಡೆಯನ್ನು ಕಾರ್ಖಾನೆಯಲ್ಲಿ ಉಜ್ಜುವಾಗ (ಹೋನಿಂಗ್) ಬಿಟ್ಟ ಸಣ್ಣ ಗೀರುಗಳ ತುದಿಯನ್ನು ಪಿಸ್ಟನ್ ರಿಂಗ್‌ಗಳು ಸವೆಸಿ ಕೂರುವುದು ಈ ಮೊದಲ ಗಂಟೆಗಳಲ್ಲೇ. ಸವೆದ ಲೋಹವೆಲ್ಲ ಆಯಿಲ್‌ಗೇ ಸೇರುತ್ತದೆ. ಅದರ ಜೊತೆಗೆ ಜೋಡಿಸುವಾಗ ಬಳಿದ ಲ್ಯೂಬ್, ಎರಕದಲ್ಲಿ ಉಳಿದ ಪುಡಿ, ಗ್ಯಾಸ್ಕೆಟ್ ಸೀಲೆಂಟಿನ ಚೂರು. ಮೇಲಾಗಿ ಇದು ಗಾಳಿಯಿಂದ ತಣಿಯುವ ಎಂಜಿನ್, ಕಾರಿನಂತೆ ರೇಡಿಯೇಟರ್ ಇಲ್ಲ. ಬಿಸಿಯನ್ನು ಹೊತ್ತು ಸಾಗಿಸುವ ಕೆಲಸದಲ್ಲಿ ದೊಡ್ಡ ಪಾಲು ಆಯಿಲ್‌ನದೇ.

ನಾನು 8 ಗಂಟೆಗೆ ಆಯಿಲ್ ಜೊತೆ ಫಿಲ್ಟರನ್ನೂ ಬದಲಿಸಿದೆ. ಮೊದಲ ಸರ್ವಿಸ್‌ನಲ್ಲೇ ಫಿಲ್ಟರ್ ಬದಲಿಸಲು ಮ್ಯಾನುಯಲ್ ಹೇಳುವುದಿಲ್ಲ, ಅದು ನನ್ನ ನಿರ್ಧಾರ. ಒಳಗೆ ಸಿಕ್ಕಿದ್ದನ್ನೆಲ್ಲ ಹಿಡಿದಿಟ್ಟಿರುವ ಫಿಲ್ಟರನ್ನು ಹಾಗೇ ಬಿಟ್ಟು ಹೊಸ ಆಯಿಲ್ ಸುರಿಯಲು ಮನಸ್ಸು ಒಪ್ಪಲಿಲ್ಲ. ಎಂಜಿನ್ ಐದು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಿರುವಾಗಲೇ ಇಳಿಸಿದೆ. ನೋಡಿದರೆ ಸ್ವಚ್ಛವಾಗಿಯೇ ಇತ್ತು, ಜೇನಿನ ಬಣ್ಣ. ಬಿಸಿಲಿಗೆ ಹಿಡಿದು ಪಾತ್ರೆಯನ್ನು ಅಲ್ಲಾಡಿಸಿದಾಗ ಮಾತ್ರ ಒಳಗೆ ನುಣ್ಣನೆಯ ಬೆಳ್ಳಿ ಮಿನುಗು ಸುಳಿಸುಳಿಯಾಗಿ ಎದ್ದಿತು. 100 ಗಂಟೆಗೆ ಇಳಿಸಿದ ಆಯಿಲ್ ಕಪ್ಪಾಗಿತ್ತು, ಆದರೆ ಆ ಮಿನುಗು ಇರಲಿಲ್ಲ. ಬಣ್ಣ ನೋಡಿ ಆಯಿಲ್ ಅಳೆಯಬಾರದು ಎನ್ನಲು ನನಗೆ ಇಷ್ಟು ಸಾಕು.

ಸಿಂಥೆಟಿಕ್ ಯಾವಾಗ ಹಾಕಬೇಕು ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಮೊದಲ 100 ಗಂಟೆ ಸಾಮಾನ್ಯ 10ಡಬ್ಲ್ಯೂ-30 (ಆಯಿಲ್ ಎಷ್ಟು ಗಟ್ಟಿ ಎಂದು ಹೇಳುವ ದರ್ಜೆ) ಓಡಿಸಿ, ಆಮೇಲೆ ಸಿಂಥೆಟಿಕ್‌ಗೆ ಹೋದೆ. ಆಯಿಲ್ ಸುಡುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ, ಎರಡು ಸರ್ವಿಸ್‌ಗಳ ನಡುವೆ ಡಿಪ್‌ಸ್ಟಿಕ್ ಗುರುತು ಕಣ್ಣಿಗೆ ಕಾಣುವಷ್ಟು ಇಳಿದಿಲ್ಲ. ಎಂಜಿನ್‌ಗೆ ಇಷ್ಟು ಸಾಕು.

ಈಗ ಹೈಡ್ರಾಲಿಕ್. ನಾನು ಒತ್ತಿ ಹೇಳಬೇಕಾದ್ದು ಇದೇ.

ಈ ಗಾಡಿಯಲ್ಲಿ ಗೇರ್ ಬದಲಿಸುವ ಮಾತಿಲ್ಲ. ಎಂಜಿನ್ ಬೆಲ್ಟ್ ಒಂದು ಪಂಪನ್ನು ತಿರುಗಿಸುತ್ತದೆ. ಪಂಪಿನೊಳಗೆ ವೃತ್ತಾಕಾರವಾಗಿ ಜೋಡಿಸಿದ ಪುಟ್ಟ ಪಿಸ್ಟನ್‌ಗಳಿದ್ದು, ಅವು ಓರೆಯಾಗುವ ಒಂದು ತಟ್ಟೆಯ ಮೇಲೆ ಜಾರುತ್ತಾ ಸುತ್ತುತ್ತವೆ. ಆ ತಟ್ಟೆಗೆ ಸ್ವಾಷ್‌ಪ್ಲೇಟ್ ಎನ್ನುತ್ತಾರೆ. ನೀವು ಕೈಹಿಡಿ ತಳ್ಳಿದಷ್ಟೂ ತಟ್ಟೆ ಓರೆಯಾಗುತ್ತದೆ, ಅಷ್ಟು ಹೆಚ್ಚು ಆಯಿಲ್ ಒತ್ತಡದಿಂದ ಮೋಟಾರಿನ ಕಡೆ ಹೋಗುತ್ತದೆ, ಚಕ್ರ ಅಷ್ಟು ವೇಗವಾಗಿ ತಿರುಗುತ್ತದೆ. ತಟ್ಟೆ ನೇರ ನಿಂತರೆ ಗಾಡಿ ನಿಲ್ಲುತ್ತದೆ, ಇನ್ನೊಂದು ಕಡೆ ಓರೆಯಾದರೆ ಹಿಂದಕ್ಕೆ ಹೋಗುತ್ತದೆ. ಪಿಸ್ಟನ್‌ಗೂ ಅದು ಕೂರುವ ರಂಧ್ರಕ್ಕೂ ನಡುವಿನ ಸಂದು ತಲೆಕೂದಲಿನ ದಪ್ಪಕ್ಕಿಂತ ಎಷ್ಟೋ ಕಡಿಮೆ. ಅಲ್ಲಿಗೆ ಲೋಹದ ಪುಡಿ ಹೊಕ್ಕರೆ ಗೀರು ಬೀಳುತ್ತದೆ, ಗೀರಿನಿಂದ ಒತ್ತಡ ಸೋರುತ್ತದೆ, ಸೋರಿದ ಒತ್ತಡ ಬಿಸಿಯಾಗಿ ಮಾರ್ಪಡುತ್ತದೆ, ಬಿಸಿಗೆ ಆಯಿಲ್ ಇನ್ನಷ್ಟು ತೆಳುವಾಗಿ ಮತ್ತಷ್ಟು ಸೋರುತ್ತದೆ. ಹಳೆಯ ಗಾಡಿಗಳು ಬೆಳಿಗ್ಗೆ ಸರಿಯಾಗಿ ಓಡಿ, ಒಂದು ಗಂಟೆ ಕಳೆದ ಮೇಲೆ ಏರಿನಲ್ಲಿ ಉಸಿರು ಬಿಡುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಇನ್ನೊಂದು ಮುಖ್ಯ ಸಂಗತಿ: ಇಂಥ ಟ್ರಾನ್ಸ್‌ಆಕ್ಸಲ್‌ನಲ್ಲಿ ಪಂಪ್, ಮೋಟಾರ್, ಚಕ್ರ ತಿರುಗಿಸುವ ಗೇರ್‌ಗಳು ಎಲ್ಲವೂ ಒಂದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಹೊಸ ಗೇರ್‌ಗಳ ಹಲ್ಲು ಒಂದಕ್ಕೊಂದು ಕೂರುವಾಗ ಉದುರುವ ಪುಡಿ ನೇರ ಪಂಪ್ ಇರುವ ಆಯಿಲ್‌ಗೇ ಬೀಳುತ್ತದೆ. ನಡುವೆ ಕಾಯುವುದು ಫಿಲ್ಟರ್ ಒಂದೇ.

ಜೆಡ್‌ಟಿ-3100ಕ್ಕೆ ಕಂಪನಿ ಹೇಳುವ ಲೆಕ್ಕ: ಮೊದಲ ಆಯಿಲ್ ಮತ್ತು ಫಿಲ್ಟರ್ 75ರಿಂದ 100 ಗಂಟೆಯೊಳಗೆ, ಆಮೇಲೆ ಪ್ರತಿ 400 ಗಂಟೆಗೆ. ಆಯಿಲ್ 20ಡಬ್ಲ್ಯೂ-50 ಎಂಜಿನ್ ಆಯಿಲ್. ಹೈಡ್ರಾಲಿಕ್ ಯೂನಿಟ್ಟಿಗೆ ಎಂಜಿನ್ ಆಯಿಲ್ ಯಾಕೆ ಎಂದು ಅಚ್ಚರಿಪಡುವವರುಂಟು. ಬಿಸಿಯಾದಾಗಲೂ ಸಾಕಷ್ಟು ಗಟ್ಟಿಯಾಗಿ ಉಳಿಯಬೇಕು, ಸವೆತ ತಡೆಯುವ ಅಂಶಗಳೂ ಇರಬೇಕು, ಆ ಎರಡೂ ಅದರಲ್ಲಿವೆ. ಕೆಲವು ಮೋವರ್ ತಯಾರಕರು ಇದೇ ಯೂನಿಟ್ಟಿಗೆ ತಮ್ಮದೇ ಆಯಿಲ್ ತುಂಬಿ ಕಳಿಸುತ್ತಾರೆ, ಆದ್ದರಿಂದ ನಿಮ್ಮ ಗಾಡಿಯ ಪುಸ್ತಕದಲ್ಲಿ ಏನಿದೆಯೋ ಅದನ್ನೇ ಹಾಕಿ.

ನಾನು ಮೀಟರ್ 75 ತೋರಿಸುತ್ತಿದ್ದಂತೆ ಕೈಹಚ್ಚಿದೆ. ಈ ಯೂನಿಟ್ಟಿಗೆ ಪ್ರತ್ಯೇಕ ಡ್ರೈನ್ ಪ್ಲಗ್ ಇಲ್ಲ, ಫಿಲ್ಟರ್ ಬಿಚ್ಚಿದರೇ ಆಯಿಲ್ ಇಳಿಯುವುದು. ಫಿಲ್ಟರ್ ಮೇಲಿನ ರಕ್ಷಾಕವಚಕ್ಕೆ ಮೂರು ಸ್ಕ್ರೂ. ಕೇಳಲು ಸುಲಭ, ಆದರೆ ಗಾಡಿಯ ಫ್ರೇಮನ್ನು ರೂಪಿಸಿದವರು ಆ ಸ್ಕ್ರೂಗಳಿಗೆ ಕೈ ಹೋಗುವಷ್ಟೂ ಜಾಗ ಬಿಟ್ಟಿಲ್ಲ, ಹಿಂಚಕ್ರ ತೆಗೆಯದೆ ಸ್ಪ್ಯಾನರ್ ತಿರುಗುವುದಿಲ್ಲ. ಈ ಗಾಡಿಯ ಮೇಲೆ ನನಗಿರುವ ದೊಡ್ಡ ದೂರು ಇದೇ. ಸರ್ವಿಸ್ ಮಾಡಬಲ್ಲ ಯೂನಿಟ್ ಕೊಟ್ಟು, ಸರ್ವಿಸ್ ಮಾಡಲು ದಾರಿ ಕೊಡದಿದ್ದರೆ ಅರ್ಧ ಜನ ಅಲ್ಲೇ ಕೈಬಿಡುತ್ತಾರೆ.

ಬಿಚ್ಚುವ ಮೊದಲು ಸುತ್ತಲಿನ ಹುಲ್ಲಿನ ಪುಡಿ, ಧೂಳು ಪೂರ್ತಿ ಒರೆಸಬೇಕು. ಇದನ್ನು ಎಷ್ಟು ಹೇಳಿದರೂ ಸಾಲದು. ಒಳಗಿನ ಪುಡಿ ತೆಗೆಯಲು ಹೋಗಿ ಹೊರಗಿನ ಮಣ್ಣು ಸೇರಿಸಿದರೆ ಇದ್ದ ಆಯಿಲೇ ಮೇಲು.

ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿದೆ. ಪ್ರತಿ ಮಡಿಕೆಯ ತಳದಲ್ಲೂ ಬೂದು ಬಣ್ಣದ ನುಣ್ಣನೆಯ ಕೆಸರು ಗೆರೆಯಾಗಿ ಕೂತಿತ್ತು. ಬೆರಳಿಗೆ ಹಚ್ಚಿ ಉಜ್ಜಿದರೆ ಒರಟು ತಾಗಲಿಲ್ಲ, ಅಷ್ಟು ಸಣ್ಣದು. ಕಾಗದದ ಹಿಂದೆ ಅಯಸ್ಕಾಂತ ಆಡಿಸಿದರೆ ಕೆಸರು ಅದರ ಹಿಂದೆಯೇ ಸರಿಯಿತು, ಅಂದರೆ ಬಹುಪಾಲು ಉಕ್ಕು. ನಡುನಡುವೆ ಅಯಸ್ಕಾಂತಕ್ಕೆ ಅಲ್ಲಾಡದ ಹಳದಿ ಛಾಯೆಯ ಕೆಲವು ಹೊಳಪಿನ ಕಣಗಳೂ ಇದ್ದವು. ಚೂರು, ಸಿಬಿರು ಏನೂ ಇರಲಿಲ್ಲ. ಹೊಸ ಯೂನಿಟ್ಟಿನಲ್ಲಿ ಇಷ್ಟು ಬರುವುದು ಸಹಜ, ಗಾಬರಿಯ ವಿಷಯವಲ್ಲ. ಇದನ್ನು ಒಳಗಿಟ್ಟುಕೊಂಡೇ ಇನ್ನೂ ನೂರಾರು ಗಂಟೆ ಓಡಿಸುವುದು ಮಾತ್ರ ನನಗೆ ಸರಿ ಕಾಣುವುದಿಲ್ಲ.

ಹೊಸ ಫಿಲ್ಟರಿನ ರಬ್ಬರಿಗೆ ಆಯಿಲ್ ಸವರಿ, ಅದು ತಾಗಿದ ಮೇಲೆ ಮುಕ್ಕಾಲು ಸುತ್ತಿನಿಂದ ಒಂದು ಸುತ್ತು ಬಿಗಿ ಮಾಡಬೇಕು. ಆಕಾರ ಒಂದೇ ಎಂದು ಕಾರಿನ ಫಿಲ್ಟರ್ ಹಾಕಬೇಡಿ, ಈ ಯೂನಿಟ್ಟಿಗೆ ಎಚ್‌ಜಿ52114 ಎಂಬ ಸಂಖ್ಯೆಯದೇ ಬೇಕು. ಆಯಿಲ್ ತುಂಬುವಾಗ ಯೂನಿಟ್ಟಿನ ಮೇಲ್ಭಾಗದ ಪ್ಲಗ್ ಬಿಚ್ಚಿಟ್ಟು ಎಕ್ಸ್‌ಪ್ಯಾನ್ಷನ್ ಟ್ಯಾಂಕಿನಿಂದ ನಿಧಾನ ಸುರಿಯಿರಿ. ಆ ರಂಧ್ರದಲ್ಲಿ ಆಯಿಲ್ ಕಾಣಿಸಿದ ಕೂಡಲೇ ಪ್ಲಗ್ ಹಾಕಿ. ಪ್ಲಗ್ ತೆಗೆಯದಿದ್ದರೆ ಗಾಳಿಗೆ ಹೋಗಲು ದಾರಿಯಿಲ್ಲದೆ ಆಯಿಲ್ ಒಳಗೇ ಇಳಿಯದು.

ಆಮೇಲಿನ ಹೆಜ್ಜೆಯನ್ನು ಬಿಡುವಂತಿಲ್ಲ: ಗಾಳಿ ತೆಗೆಯುವುದು. ಹಿಂಚಕ್ರಗಳು ನೆಲ ಬಿಟ್ಟು ಮೇಲಿರುವಂತೆ ಗಾಡಿಯನ್ನು ಭದ್ರವಾದ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಬೈಪಾಸ್ (ಪಂಪಿನ ಒತ್ತಡ ಚಕ್ರ ತಿರುಗಿಸದಂತೆ ಮಾಡುವ ಕವಾಟ) ತೆರೆದಿಟ್ಟು, ಎಂಜಿನ್ ಓಡುತ್ತಿರುವಾಗ ಕೈಹಿಡಿಗಳನ್ನು ಮುಂದಕ್ಕೂ ಹಿಂದಕ್ಕೂ ಐದಾರು ಸಲ ನಿಧಾನ ಆಡಿಸಬೇಕು. ಬೈಪಾಸ್ ಮುಚ್ಚಿ ಮತ್ತೆ ಅದೇ. ಶುರುವಿನಲ್ಲಿ ಯೂನಿಟ್ ಗುಂಯ್ ಎಂದು ಕೂಗಿತು, ಚಕ್ರ ತಡೆತಡೆದು ತಿರುಗಿತು. ಗಾಳಿ ಹೊರಬಂದಂತೆ ಟ್ಯಾಂಕಿನಲ್ಲಿ ಮಟ್ಟ ಇಳಿಯಿತು, ಮತ್ತೆ ತುಂಬಿದೆ, ಸದ್ದು ನಿಂತಿತು. ಟ್ಯಾಂಕನ್ನು ಬಾಯಿತನಕ ತುಂಬಬಾರದು, ಬಿಸಿಯಾದಾಗ ಹಿಗ್ಗಲು ಜಾಗ ಬೇಕು. ತಣ್ಣಗಿರುವಾಗ ಗುರುತಿನ ಮಟ್ಟಕ್ಕೆ ಇದ್ದರೆ ಸರಿ.

ವ್ಯತ್ಯಾಸ ಏನು ಕಂಡಿತು? ಮೊದಲ ದಿನವೇ ಗಾಡಿ ಹೊಸದಾಯಿತು ಎಂದರೆ ಸುಳ್ಳಾಗುತ್ತದೆ. 75 ಗಂಟೆಗೆ ಅದು ಚೆನ್ನಾಗಿಯೇ ಓಡುತ್ತಿತ್ತು, ನಂತರವೂ ಹಾಗೆಯೇ ಓಡುತ್ತಿದೆ. ನನಗೆ ಬೇಕಾದ್ದೂ ಅದೇ. ಇವತ್ತಿಗೂ ಬೇಸಿಗೆಯ ಬಿಸಿಲಿನಲ್ಲಿ ಬಹಳ ಹೊತ್ತು ಕತ್ತರಿಸಿದ ಮೇಲೂ ಏರಿನಲ್ಲಿ ಎರಡೂ ಚಕ್ರ ಸಮವಾಗಿ ಎಳೆಯುತ್ತವೆ, ಗಾಡಿ ಒಂದು ಪಕ್ಕಕ್ಕೆ ವಾಲುವುದಿಲ್ಲ.

ಹಾಗೆಂದು 20 ಗಂಟೆಗೇ ಹೈಡ್ರಾಲಿಕ್ ಆಯಿಲ್ ಇಳಿಸಿ, ಆಮೇಲೆ ವರ್ಷ ವರ್ಷ ಬದಲಿಸಿ ಎಂದು ನಾನು ಹೇಳುವುದಿಲ್ಲ. ಪ್ರತಿ ಸಲ ಬಿಚ್ಚಿದಾಗಲೂ ಧೂಳು ಹೊಗುವ, ಗಾಳಿ ಉಳಿಯುವ ಅಪಾಯ ಇದ್ದೇ ಇರುತ್ತದೆ. ಮೊದಲ ಬದಲಾವಣೆಯನ್ನು 75ರ ಹತ್ತಿರವೇ ಮುಗಿಸಿ, ಆಮೇಲೆ 400ರ ಲೆಕ್ಕಕ್ಕೆ ಬಿಡುವುದು ನನಗೆ ಸರಿ ಕಂಡಿದೆ. ನಡುವೆ ಮಾಡಬೇಕಾದ್ದು ಯೂನಿಟ್ ಮೇಲಿನ ತಣಿಸುವ ಫ್ಯಾನಿನ ಸುತ್ತ ಹುಲ್ಲು ಕಟ್ಟಿಕೊಳ್ಳದಂತೆ ಪ್ರತಿ ಸಲ ಊದಿ ತೆಗೆಯುವುದು. ಆಯಿಲ್ ಹಾಲಿನಂತೆ ಬೆಳ್ಳಗಾದರೆ ಮಾತ್ರ ಗಂಟೆ ನೋಡಬೇಡಿ, ಒಳಗೆ ನೀರು ಸೇರಿದೆ, ಕೂಡಲೇ ಬದಲಿಸಿ.

ಸೀಲ್ ಮಾಡಿದ ಯೂನಿಟ್ ಇರುವವರ ಕಷ್ಟ ಬೇರೆ. ಲಾನ್ ಟ್ರ್ಯಾಕ್ಟರ್‌ಗಳಲ್ಲಿ ವ್ಯಾಪಕವಾಗಿ ಬರುವ ಟಫ್ ಟಾರ್ಕ್ ಕೆ46ಕ್ಕೆ ಡ್ರೈನ್ ಪ್ಲಗ್ಗೂ ಇಲ್ಲ, ಹೊರಗಿನ ಫಿಲ್ಟರೂ ಇಲ್ಲ. ಆಯಿಲ್ ಬದಲಿಸಬೇಕೆಂದರೆ ಇಡೀ ಯೂನಿಟ್ಟನ್ನು ಗಾಡಿಯಿಂದ ಇಳಿಸಿ ತಲೆಕೆಳಗು ಮಾಡಬೇಕು. ಸಮತಟ್ಟು ನೆಲ, ವಾರಕ್ಕೊಮ್ಮೆ ಸ್ವಲ್ಪ ಹೊತ್ತಿನ ಕೆಲಸವಾದರೆ ಅದು ವರ್ಷಗಟ್ಟಲೆ ನಡೆಯುತ್ತದೆ, ಚಿಂತೆ ಬೇಡ. ಏರು ತಗ್ಗಿನ ಜಾಗ ಇರುವವರು, ಟ್ರೇಲರ್ ಎಳೆಯುವವರು ಕೊಳ್ಳುವ ಮೊದಲೇ ಗಾಡಿಯ ಹಿಂದೆ ಬಗ್ಗಿ ನೋಡಿ. ಫಿಲ್ಟರ್ ಕಾಣಬೇಕು, ಅದಕ್ಕೆ ಕೈ ಎಟುಕಬೇಕು. ಡೀಲರ್ ‘ಲೈಫ್‌ಟೈಮ್ ಆಯಿಲ್’ ಎಂದರೆ ಯಾರ ಆಯಸ್ಸು, ಎಷ್ಟು ಗಂಟೆ ಎಂದು ಕೇಳಿ. ವಾರಂಟಿ ಇರುವಾಗ ಸ್ವಂತ ಸರ್ವಿಸ್ ಮಾಡುವವರು ಮೀಟರಿನ ಫೋಟೊ, ಆಯಿಲ್ ಮತ್ತು ಫಿಲ್ಟರಿನ ಬಿಲ್ಲು ಜೋಪಾನ ಮಾಡಿಟ್ಟುಕೊಳ್ಳಿ.

ಐದಕ್ಕೆ ನಾಲ್ಕು ನಕ್ಷತ್ರ. ಕಳೆದ ಒಂದು, ಫಿಲ್ಟರ್ ಕವಚದ ಆ ಮೂರು ಸ್ಕ್ರೂಗಳಿಗಾಗಿ.