ಮೊಲದ ಗೂಡು ಮತ್ತು ಮರಿಪೆಟ್ಟಿಗೆ ಸೆಟ್: ಹೊಸಿಲು ಮೂರಿಂಚು ಸಾಲದು

ಗೂಡಿಗೆ ಹೆಚ್ಚುಕಡಿಮೆ ಪೂರ್ತಿ ಅಂಕ, ಮರಿಪೆಟ್ಟಿಗೆಗೆ ಅರ್ಧ. ಆತುರದಲ್ಲಿರುವವರು ಇಷ್ಟು ಓದಿಕೊಂಡು ಹೋಗಬಹುದು. ಗಬ್ಬದ ಮೊಲ ಮನೆಯಲ್ಲಿದ್ದು, ಯಾವ ಪೆಟ್ಟಿಗೆ ತರಲಿ ಅಂತ ಯೋಚಿಸುತ್ತಿರುವವರು ಮಾತ್ರ ಪೂರ್ತಿ ಓದಿ.

ನಾನು ಕೊಂಡದ್ದು ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದೂವರೆ ಅಡಿ ಎತ್ತರದ ಜಿ.ಐ. (ಸತು ಲೇಪಿಸಿದ ಕಬ್ಬಿಣ) ತಂತಿ ಜಾಲರಿಯ ಗೂಡು. ಅದರ ಪಕ್ಕಕ್ಕೆ ಕೊಕ್ಕೆಯಲ್ಲಿ ತಗುಲಿಸುವ ಪ್ಲೈವುಡ್ ಮರಿಪೆಟ್ಟಿಗೆ ಜೊತೆಗೇ ಬರುತ್ತದೆ. ಎರಡೂ ಸೇರಿ 4,200 ರೂಪಾಯಿ, ಆಟೋ ಬಾಡಿಗೆ ಬೇರೆ. ಮಾಡಿಕೊಟ್ಟವರು ತಿಪಟೂರಿನ ಹತ್ತಿರದ ಒಂದು ವೆಲ್ಡಿಂಗ್ ಅಂಗಡಿಯವರು. ಗೇಟು, ಗ್ರಿಲ್, ಕೋಳಿಗೂಡು ಎಲ್ಲ ಮಾಡುತ್ತಾರೆ. ಹೆಸರು ಹಾಕುವುದಿಲ್ಲ. ಇವರ ಅಳತೆಯನ್ನೇ ಬೇರೆಯವರೂ ಮಾಡುವುದನ್ನು ನೋಡಿದ್ದೇನೆ. ಹಾಗಾಗಿ ದೂರು ಅಳತೆಯ ಮೇಲೆ, ಅಂಗಡಿಯ ಮೇಲಲ್ಲ.

ನಮ್ಮಲ್ಲಿ ಎರಡು ಹೆಣ್ಣುಮೊಲ ಇವೆ. ಒಂದರ ಹೆಸರು ಬೆಳ್ಳಿ, ವೈಟ್ ಜೈಂಟ್ ತಳಿ; ಇನ್ನೊಂದರ ಹೆಸರು ಬೂದಿ, ಸೋವಿಯತ್ ಚಿಂಚಿಲಾ ತಳಿ. ಇವುಗಳ ಹಿಂದಿನ ತಲೆಮಾರು ಕೊಡೈಕೆನಾಲ್ ಹತ್ತಿರ ಮಣ್ಣವನೂರಿನಲ್ಲಿರುವ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೇಂದ್ರದಿಂದ ಬಂದದ್ದು. ಮೊಲ ಸಾಕುವವರಿಗೆ ಆ ಊರಿನ ಹೆಸರು ಗೊತ್ತೇ ಇರುತ್ತದೆ.

ಮೊದಲು ಗೂಡಿನ ಮಾತು ಮುಗಿಸಿಬಿಡುತ್ತೇನೆ. ತಳದ ಜಾಲರಿಯ ಕಣ್ಣು ಅರ್ಧ ಇಂಚಿಗೆ ಒಂದಿಂಚು. ಹಿಕ್ಕೆ ಸಲೀಸಾಗಿ ಕೆಳಗೆ ಬೀಳುತ್ತದೆ, ಕಾಲು ಸಿಕ್ಕಿಕೊಳ್ಳುವುದಿಲ್ಲ. ಸುತ್ತಲಿನ ಜಾಲರಿಯ ಕಣ್ಣು ದೊಡ್ಡದು. ಆದರೆ ಕೆಳಗಿನ ನಾಲ್ಕಿಂಚಿಗೆ ಮಾತ್ರ ಸಣ್ಣ ಕಣ್ಣಿನ ಜಾಲರಿಯನ್ನು ಇನ್ನೊಂದು ಸುತ್ತು ಕಟ್ಟಿದ್ದಾರೆ. ಇದು ತುಂಬ ಒಳ್ಳೆಯ ಕೆಲಸ. ಇಲ್ಲದಿದ್ದರೆ ತೆವಳುವ ಮರಿ ಸೀದಾ ಹೊರಗೆ ಜಾರಿ ನೆಲಕ್ಕೆ ಬೀಳುತ್ತದೆ. ಮಧ್ಯಕ್ಕೆ ಇಳಿಬಿಡುವ ಅಡ್ಡ ಜಾಲರಿ ಕೂಡ ಕೊಟ್ಟಿದ್ದಾರೆ. ಬೆಸುಗೆ ಗಟ್ಟಿ, ತಂತಿಯ ಚೂಪು ತುದಿ ಎಲ್ಲೂ ಇಲ್ಲ. ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡಲು ಜಾಗ ಬಿಟ್ಟಿದ್ದಾರೆ. ಇರುವೆ ಕಾಟ ಕಂಡವರಿಗೆ ಇದರ ಬೆಲೆ ಗೊತ್ತು. ಹಸಿ ಮರಿಗೆ ಇರುವೆ ಮುತ್ತಿದರೆ ಉಳಿಯುವುದು ಕಷ್ಟ.

ಇನ್ನು ಪೆಟ್ಟಿಗೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ನೋಡಿದ ನೆಂಟರೆಲ್ಲ "ಇಷ್ಟು ಚಿಕ್ಕದಾ?" ಅಂತ ಕೇಳಿದರು. ಇಷ್ಟೇ ಸಾಕು. ಜಾಸ್ತಿ ದೊಡ್ಡದಾದರೇ ತೊಂದರೆ. ಯಾಕೆ ಅಂತ ತಿಳಿಯಬೇಕಾದರೆ ತಾಯಿಮೊಲ ಮರಿ ಸಾಕುವ ರೀತಿ ಗೊತ್ತಿರಬೇಕು.

ಮೊಲ ಸುಮಾರು 31 ದಿನಕ್ಕೆ ಮರಿ ಹಾಕುತ್ತದೆ. ಅದಕ್ಕೆ ಮುಂಚೆ ಹುಲ್ಲು ಕಚ್ಚಿಕೊಂಡು ಓಡಾಡುತ್ತದೆ. ತನ್ನ ಹೊಟ್ಟೆಯ, ಕತ್ತಿನ ಕೆಳಗಿನ ತುಪ್ಪಳವನ್ನು ತಾನೇ ಕಿತ್ತು ಹಾಸುತ್ತದೆ. ಮರಿಗಳಿಗೆ ಹುಟ್ಟುವಾಗ ಮೈಮೇಲೆ ಕೂದಲಿಲ್ಲ, ಕಣ್ಣು ಬಿಟ್ಟಿರುವುದಿಲ್ಲ, ಕಿವಿಯೂ ಕೇಳುವುದಿಲ್ಲ. ತೂಕ 50ರಿಂದ 60 ಗ್ರಾಂ. ಹಾಗಿದ್ದೂ ತಾಯಿ ಅವುಗಳ ಪಕ್ಕ ಮಲಗುವುದಿಲ್ಲ, ಬೆಚ್ಚಗೆ ಮಾಡುವುದಿಲ್ಲ. ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ ಒಳಗೆ ಹೋಗುತ್ತದೆ. ಮೂರ್ನಾಲ್ಕು ನಿಮಿಷ ಮರಿಗಳ ಮೇಲೆ ನಿಂತು ಹಾಲು ಕೊಡುತ್ತದೆ. ಆಮೇಲೆ ಹಾರಿ ಹೊರಗೆ ಬಂದರೆ ಮತ್ತೆ ಮಾರನೇ ದಿನವೇ.

ನಮ್ಮ ಅತ್ತೆಗೆ ಇದು ಒಂಚೂರೂ ಹಿಡಿಸಲಿಲ್ಲ. "ಎಂಥ ತಾಯಿಯಮ್ಮ ಇದು, ಹೆತ್ತ ಮೇಲೆ ಆ ಕಡೆ ತಿರುಗಿಯೂ ನೋಡ್ತಿಲ್ವಲ್ಲ, ನೀನೇ ಒಂದಿಷ್ಟು ಹಸುವಿನ ಹಾಲು ಕುಡಿಸು" ಅಂತ ಒಂದೇ ಸಮನೆ ಹೇಳಿದರು. ಕುಡಿಸಬಾರದು. ಮೊಲದ ಹಾಲಿನಲ್ಲಿ ಕೊಬ್ಬು ಶೇ. 12ರ ಆಸುಪಾಸು, ಪ್ರೋಟೀನ್ ಕೂಡ ಹೆಚ್ಚುಕಡಿಮೆ ಅಷ್ಟೇ. ಹಸುವಿನ ಹಾಲಿನಲ್ಲಿ ಅವೆರಡೂ ಶೇ. 3ರಿಂದ 4ರಷ್ಟು. ಒಂದೇ ಊಟಕ್ಕೆ ದಿನ ಕಳೆಯುವಂಥ ಹಾಲು ಅದು. ಅದನ್ನು ಕುಡಿದೇ ಮರಿಯ ತೂಕ ಒಂದು ವಾರದಲ್ಲಿ ಇಮ್ಮಡಿಯಾಗುತ್ತದೆ. ತಾಯಿ ದೂರ ಇರುವುದಕ್ಕೂ ಕಾರಣವಿದೆ. ಯುರೋಪಿನ ಕಾಡುಮೊಲದ ವಂಶ ಇದು. ಅಲ್ಲಿ ತಾಯಿ ಮರಿಗಳನ್ನು ಬಿಲದಲ್ಲಿಟ್ಟು ಬಾಯಿಯನ್ನು ಮಣ್ಣಿನಿಂದ ಮುಚ್ಚಿ ಹೋಗುತ್ತದೆ. ಪದೇ ಪದೇ ಬಂದು ಹೋದರೆ ನರಿಗೆ ದಾರಿ ತೋರಿಸಿದ ಹಾಗಾಗುತ್ತದೆ.

ಈಗ ಪೆಟ್ಟಿಗೆಯ ಅಳತೆಗೆ ಬನ್ನಿ. ತಾಯಿ ಬೆಚ್ಚಗೆ ಮಾಡುವುದಿಲ್ಲ ಅಂದ ಮೇಲೆ ಮರಿಗಳಿಗೆ ಒಂದಕ್ಕೊಂದೇ ದಿಕ್ಕು. ಎಲ್ಲ ಒಂದೇ ಗುಡ್ಡೆಯಾಗಿ ತುಪ್ಪಳದ ಕೆಳಗೆ ಇರಬೇಕು. ಪೆಟ್ಟಿಗೆ ದೊಡ್ಡದಾದರೆ ಚದುರುತ್ತವೆ, ಚದುರಿದ್ದು ತಣ್ಣಗಾಗುತ್ತದೆ. ಈ ಪೆಟ್ಟಿಗೆಯಲ್ಲಿ ಬೆಳ್ಳಿ ಒಳಗೆ ಹೋಗಿ ತಿರುಗುವಷ್ಟು ಜಾಗವಿದೆ, ಮಲಗುವಷ್ಟಿಲ್ಲ. ಸರಿಯಾಗಿದೆ. ಮಲಗುವಷ್ಟಿದ್ದರೆ ಅಲ್ಲೇ ಹಿಕ್ಕೆ ಹಾಕಿ ಗಲೀಜು ಮಾಡಿಬಿಡುತ್ತದೆ. ಹಾಲು ಕೊಟ್ಟು ಹೋಗುವಾಗ ನಾಲ್ಕಾರು ಹಿಕ್ಕೆ ಬಿಟ್ಟರೆ ಮಾತ್ರ ಗುಡಿಸಿ ತೆಗೆಯಬೇಡಿ. ಅದು ಗಲೀಜಲ್ಲ. ಮರಿಗಳು ಅದನ್ನು ಮೆಲ್ಲುತ್ತವೆ.

ತಳಕ್ಕೂ ಒಳ್ಳೆಯ ಮಾತೇ ಹೇಳಬೇಕು. ಪ್ಲೈವುಡ್ಡಿನಲ್ಲಿ ಸಣ್ಣ ಸಣ್ಣ ತೂತು ಕೊರೆದಿದ್ದಾರೆ. ಹಾಲು ಮುಗಿದ ತಕ್ಷಣ ಮರಿಗಳೆಲ್ಲ ಒಟ್ಟಿಗೆ ಉಚ್ಚೆ ಹೊಯ್ದು, ಆಮೇಲೆ ಹುಲ್ಲು ತುಪ್ಪಳ ಕೆದಕಿಕೊಂಡು ಕೆಳಗೆ ಸೇರಿಕೊಳ್ಳುತ್ತವೆ. ತೂತಿಲ್ಲದ ತಗಡಿನ ಪೆಟ್ಟಿಗೆಯಲ್ಲಿ ಆ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ನಾನು ಕೆಳಗೆ ಒಂದು ಪದರ ಮರದ ಹೊಟ್ಟು, ಮೇಲೆ ರಾಗಿಹುಲ್ಲು ಹಾಕುತ್ತೇನೆ. ಹೊಟ್ಟು ತೀರ ನುಣ್ಣಗಿದ್ದರೆ ಮರಿಯ ಮೂಗಿಗೆ ಹೋಗುತ್ತದೆ, ದಪ್ಪದ್ದೇ ತನ್ನಿ. ನಮ್ಮೂರಲ್ಲಿ ತೆಂಗಿನ ನಾರು ಬೇಕಾದಷ್ಟು ಸಿಗುತ್ತದೆ ಅಂತ ಅದನ್ನು ಹಾಕಬೇಡಿ. ಉದ್ದ ನಾರು ಮರಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ.

ಮುಚ್ಚಳ ಮೇಲಿಂದ ತೆಗೆಯುವಂಥದ್ದು, ಹಿಂಜಸ್ ಚೆನ್ನಾಗಿದೆ. ದಿನಾ ಬೆಳಗ್ಗೆ ತೆಗೆದು ನೋಡಬೇಕು. ಹಾಲು ಕುಡಿದ ಮರಿಯ ಹೊಟ್ಟೆ ಬಲೂನಿನ ಹಾಗೆ ಉಬ್ಬಿರುತ್ತದೆ. ಮೊದಲ ದಿನಗಳಲ್ಲಿ ತೆಳು ಚರ್ಮದ ಒಳಗೆ ಬಿಳಿ ಹಾಲು ಕಾಣಿಸುತ್ತದೆ. ಕುಡಿಯದ ಮರಿಯ ಚರ್ಮ ಸುಕ್ಕುಗಟ್ಟಿರುತ್ತದೆ. ತಾಯಿ ಹಾಲು ಕೊಟ್ಟಿತೋ ಇಲ್ಲವೋ ಅಂತ ರಾತ್ರಿಯೆಲ್ಲ ಕಾಯಬೇಕಾಗಿಲ್ಲ, ಹೊಟ್ಟೆ ನೋಡಿದರೆ ಸಾಕು. ಮನುಷ್ಯರ ಕೈ ತಾಗಿದರೆ ತಾಯಿ ಮರಿಗಳನ್ನು ಬಿಟ್ಟುಬಿಡುತ್ತದೆ ಅಂತ ಹೇಳುವವರಿದ್ದಾರೆ. ಮನೆಯಲ್ಲಿ ಸಾಕಿ ಪಳಗಿದ ಮೊಲ ಅಷ್ಟಕ್ಕೆಲ್ಲ ಬಿಡುವುದಿಲ್ಲ. ಕೈಗೆ ಸ್ವಲ್ಪ ಗೂಡಿನ ಹುಲ್ಲು ಉಜ್ಜಿಕೊಂಡು ಮುಟ್ಟಿದರೆ ಆಯಿತು. ಬೆಕ್ಕನ್ನೋ ನಾಯಿಯನ್ನೋ ಮುಟ್ಟಿದ ಕೈಯಲ್ಲಿ ಬೇಡ.

ಪೆಟ್ಟಿಗೆಯ ಮೇಲೆ ದೂರು ಎರಡಿವೆ. ಚಿಕ್ಕದು ವಾರ್ನಿಷ್. ಒಳಗಡೆಗೂ ಬಳಿದಿದ್ದಾರೆ. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವಳು, ವಾಸನೆಯ ವಿಷಯ ಬಂದರೆ ಸುಮ್ನೆ ಇರುವುದಿಲ್ಲ. ಕಣ್ಣು ಕಾಣದ ಮರಿ ಆ ಮೂರ್ನಾಲ್ಕು ನಿಮಿಷದಲ್ಲಿ ಮೊಲೆತೊಟ್ಟು ಹುಡುಕುವುದು ಮೂಗಿನಿಂದ. ತಾಯಿಯ ಹಾಲಿನಿಂದ ಹೊರಡುವ ಒಂದು ಪುಟ್ಟ ಅಣು ಮರಿಯ ಮೂಗಿಗೆ ಬಡಿದರೆ ಸಾಕು, ತಲೆ ಆಡಿಸುತ್ತಾ ಹುಡುಕಿ ಬಾಯಿ ಹಾಕುತ್ತದೆ. ಅದರ ಹೆಸರು 2-ಮಿಥೈಲ್-ಬ್ಯೂಟ್-2-ಇನಾಲ್. ಫ್ರಾನ್ಸಿನ ಡಿಜೋನ್‌ನಲ್ಲಿ ಸಂಶೋಧಕ ಬೆನುವಾ ಶಾಲ್ ಮತ್ತು ಜೊತೆಗಾರರು ಇದನ್ನು ಗುರುತಿಸಿ 2003ರಲ್ಲಿ ಪ್ರಕಟಿಸಿದರು. ಐದೇ ಇಂಗಾಲದ ಪರಮಾಣು ಇರುವ ಆಲ್ಡಿಹೈಡ್ ಗುಂಪಿನ ರಾಸಾಯನಿಕ! ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ. ವಾರ್ನಿಷ್ ಇದಕ್ಕೆ ಅಡ್ಡ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಮೂಗನ್ನೇ ನಂಬಿ ಬದುಕುವ ಮರಿಗೆ ಅಂಥ ಘಾಟು ಯಾಕೆ ಬೇಕು? ಜೊತೆಗೆ ತಾಯಿ ಮರ ಕಚ್ಚುತ್ತದೆ, ವಾರ್ನಿಷ್ ಹೊಟ್ಟೆಗೆ ಹೋಗುತ್ತದೆ. ಒಳಗೆಲ್ಲ ಉಜ್ಜುಕಾಗದ ಹಾಕಿ ತೆಗೆದು ಬಿಸಿಲಲ್ಲಿಟ್ಟ ಮೇಲೆಯೇ ಬಳಸಿದೆ.

ದೊಡ್ಡ ದೂರು ಹೊಸಿಲಿನದು. ಪೆಟ್ಟಿಗೆಯ ಬಾಗಿಲ ಕೆಳಗಿನ ಅಡ್ಡಪಟ್ಟಿ ಮೂರೇ ಇಂಚು. ತಾಯಿ ಹಾಲು ಕೊಡುವುದನ್ನು ನಿಲ್ಲಿಸುವಾಗ ಮರಿಗಳಿಗೆ ಹೇಳಿ ಕೇಳಿ ನಿಲ್ಲಿಸುವುದಿಲ್ಲ, ಒಮ್ಮೆಲೇ ಹಾರುತ್ತದೆ. ತೊಟ್ಟು ಗಟ್ಟಿಯಾಗಿ ಕಚ್ಚಿಕೊಂಡಿದ್ದ ಮರಿ ಜೊತೆಗೇ ನೇತಾಡಿಕೊಂಡು ಹೊರಗೆ ಬಂದು ಬೀಳುತ್ತದೆ. ಹೊಸಿಲು ಎತ್ತರವಿದ್ದರೆ ಅದಕ್ಕೆ ತಾಗಿ ಒಳಗೇ ಉದುರುತ್ತದೆ. ಹೊರಗೆ ಬಿದ್ದ ಮರಿಯನ್ನು ತಾಯಿಮೊಲ ಬೆಕ್ಕಿನ ಥರ ಕಚ್ಚಿ ವಾಪಸ್ ತರುವುದಿಲ್ಲ. ಆ ಅಭ್ಯಾಸವೇ ಅದಕ್ಕಿಲ್ಲ. ಮರಿ ಜಾಲರಿಯ ಮೇಲೆ ಬಿದ್ದುಕೊಂಡು ಒದ್ದಾಡುತ್ತಿದ್ದರೂ ತಾಯಿ ಪಕ್ಕದಲ್ಲೇ ಹುಲ್ಲು ತಿನ್ನುತ್ತಾ ಇರುತ್ತದೆ. ಬೂದಿಯ ಮೊದಲ ಸೂಲಿನಲ್ಲಿ ಹಾಗೆ ಒಂದು ಮರಿ ತಣ್ಣಗಾಗಿ ಹೋಯಿತು. ಇನ್ನೊಂದು ತಣ್ಣಗಿತ್ತು, ಆದರೆ ಬಾಯಿ ಆಡಿಸುತ್ತಿತ್ತು. ಅತ್ತೆ ಅದನ್ನು ಸೆರಗಿನಲ್ಲಿ ಸುತ್ತಿ ಒಲೆ ಹತ್ತಿರ ಕೂತರು. ಮೈ ಬಿಸಿಯಾದ ಮೇಲೆ ಗುಂಪಿನ ಮಧ್ಯಕ್ಕೆ ಸೇರಿಸಿದೆವು. ಅದು ಈಗ ಎಲ್ಲಕ್ಕಿಂತ ದಪ್ಪ ಇದೆ.

ಅಂಗಡಿಯವರಿಗೆ ಫೋನ್ ಮಾಡಿ ಆರಿಂಚು ಬೇಕು ಅಂದೆ. "ಅಷ್ಟೆತ್ತರ ಇಟ್ರೆ ಮೊಲ ಒಳಕ್ಕೆ ಹೆಂಗೆ ಹೋಗುತ್ತೆ ಮೇಡಂ?" ಅಂದರು. ಮೊಲ ಅಲ್ವಾ, ಹಾರುತ್ತದೆ! ಆದರೂ ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ತಾಯಿಯ ವಿಷಯದಲ್ಲಲ್ಲ, ಮರಿಗಳ ವಿಷಯದಲ್ಲಿ. ಹತ್ತು ಹನ್ನೊಂದು ದಿನಕ್ಕೆ ಮರಿ ಕಣ್ಣು ಬಿಡುತ್ತದೆ. ಎರಡು ವಾರ ಕಳೆಯುತ್ತಿದ್ದ ಹಾಗೆ ಹೇಗೋ ಹತ್ತಿ ಹೊರಗೆ ಬರುತ್ತದೆ. ಆಗ ಆರಿಂಚಿನ ಹೊಸಿಲು ಇದ್ದರೆ ವಾಪಸ್ ಹೋಗಲಾಗದೆ ರಾತ್ರಿ ಚಳಿಗೆ ಮೂಲೆಯಲ್ಲಿ ಕೂರುತ್ತದೆ. ಮೊದಲ ಎರಡು ವಾರ ಎತ್ತರ ಬೇಕು, ಆಮೇಲೆ ತಗ್ಗು ಬೇಕು. ಅಂದರೆ ಹೊಸಿಲು ತೆಗೆದು ಹಾಕುವಂತಿರಬೇಕು. ಬಾಗಿಲಿನ ಎರಡೂ ಕಡೆ ರೀಪರ್ ಹೊಡೆಸಿ, ಮಧ್ಯೆ ಹಲಗೆ ಮೇಲಿಂದ ಇಳಿಸುವ ಹಾಗೆ ನಮ್ಮ ಬಡಗಿಯವರಿಂದ ಮಾಡಿಸಿದೆ. 150 ರೂಪಾಯಿ ಆಯಿತು. ಆಮೇಲೆ ಮರಿ ಹೊರಗೆ ಬಿದ್ದದ್ದು ನಾನು ಕಂಡಿಲ್ಲ.

ಬಾಗಿಲಿಗೆ ಜಾರುವ ತಗಡು ಕೊಟ್ಟಿರುವುದು ಮಾತ್ರ ಬಹಳ ಉಪಯೋಗಕ್ಕೆ ಬಂತು. ನಮ್ಮ ತೋಟದಲ್ಲಿ ಹೆಗ್ಗಣ ಇದೆ. ರಾತ್ರಿ ತಗಡು ಇಳಿಸಿ, ಬೆಳಗ್ಗೆ ಐದೂವರೆಗೆ ತೆಗೆಯುತ್ತೇನೆ. ಬೆಳ್ಳಿ ಬಾಗಿಲ ಹತ್ತಿರವೇ ಕಾದಿರುತ್ತದೆ. ಒಳಗೆ ಮರಿಗಳೂ ಅಷ್ಟು ಹೊತ್ತಿಗೆ ಹುಲ್ಲು ಸರಿಸಿಕೊಂಡು ಮೇಲೆ ಬಂದು ಮಿಸುಕಾಡುತ್ತಿರುತ್ತವೆ. ಅವಕ್ಕೆ ಹೊತ್ತು ಗೊತ್ತು. ಹಾಗಾಗಿ ತಗಡು ಇಳಿಸುವ ಪದ್ಧತಿ ಇಟ್ಟುಕೊಂಡರೆ ತೆಗೆಯುವ ಹೊತ್ತು ದಿನಾ ಒಂದೇ ಇರಬೇಕು. ಭಾನುವಾರ ಎಂಟು ಗಂಟೆಗೆ ಏಳುವವರು ಬಾಗಿಲು ತೆಗೆದೇ ಬಿಡಿ, ತಾಯಿ ನೋಡಿಕೊಳ್ಳುತ್ತದೆ.

ಹಾಲು ಬಿಡಿಸುವ ಹೊತ್ತಿಗೆ ಸೆಟ್ ಮತ್ತೆ ಸ್ವಲ್ಪ ಹಿಂದೆ ಬೀಳುತ್ತದೆ. ಮೂರನೇ ವಾರದ ಹೊತ್ತಿಗೆ ತಾಯಿಯ ಹಾಲು ಅತಿ ಜಾಸ್ತಿ ಇರುತ್ತದೆ, ಆಮೇಲೆ ಇಳಿಯುತ್ತದೆ. ಅದೇ ಸಮಯಕ್ಕೆ ಮರಿಗಳು ತಾಯಿಯ ಪಕ್ಕ ನಿಂತು ಹುಲ್ಲು ಕಚ್ಚಲು ಶುರು ಮಾಡುತ್ತವೆ. ನೀರಿನ ನಿಪ್ಪಲ್ ಒಂದೇ ಇದೆ, ಅದೂ ದೊಡ್ಡ ಮೊಲದ ಎತ್ತರಕ್ಕೆ. ನಾಲ್ಕಿಂಚು ಎತ್ತರದಲ್ಲಿ ಇನ್ನೊಂದು ಬೇಕೇ ಬೇಕು. ಅಲ್ಲಿಯವರೆಗೆ ನಾನು ಭಾರದ ಮಣ್ಣಿನ ತಟ್ಟೆ ಇಟ್ಟಿದ್ದೆ.

ಇನ್ನೊಂದು ಕೊರತೆ ಅಟ್ಟ. ನಾಲ್ಕನೇ ವಾರದಲ್ಲಿ ಮರಿಗಳು ಹಾಲಿಗೆ ಬೆನ್ನು ಹತ್ತುತ್ತವೆ, ತಾಯಿ ಓಡುತ್ತದೆ. ಕಾಲು ಬಡಿಯುತ್ತದೆ, ಮೂಲೆಯಲ್ಲಿ ಹೊಟ್ಟೆ ನೆಲಕ್ಕೆ ಒತ್ತಿ ಕೂರುತ್ತದೆ. ಹಾಲು ಬಿಡಿಸುವುದು ನಾವಲ್ಲ, ಅರ್ಧ ಕೆಲಸವನ್ನು ಅದೇ ಮುಗಿಸಿರುತ್ತದೆ. ಪಾಪ, ಹತ್ತಿ ಕೂರಲು ಒಂಬತ್ತಿಂಚು ಎತ್ತರದಲ್ಲಿ ಒಂದು ಹಲಗೆ ಇದ್ದಿದ್ದರೆ ಎಷ್ಟು ಆರಾಮಾಗಿರುತ್ತಿತ್ತು.

ಅಡ್ಡ ಜಾಲರಿ ಕೆಲಸಕ್ಕೆ ಬಂದದ್ದು ಇಲ್ಲೇ. ಮೊಲ ಸಾಕಣೆಯವರು 28ರಿಂದ 35 ದಿನಕ್ಕೆ ಬಿಡಿಸುತ್ತಾರೆ. ನನಗೆ ಅವಸರವಿಲ್ಲ, ಆರು ವಾರ ಬಿಡುತ್ತೇನೆ. ಬಿಡಿಸುವಾಗ ಮರಿಗಳನ್ನು ಎತ್ತಿ ಹೊಸ ಜಾಗಕ್ಕೆ ಹಾಕಬೇಡಿ, ತಾಯಿಯನ್ನು ಆ ಕಡೆಗೆ ಕಳಿಸಿ. ಹಾಲು ತಪ್ಪಿದ ದಿನಗಳಲ್ಲೇ ಮರಿಗಳಿಗೆ ಭೇದಿ ಹತ್ತುವುದು ಜಾಸ್ತಿ. ಹಾಲೂ ಇಲ್ಲ, ಜಾಗವೂ ಹೊಸದು, ತಿನ್ನುವುದೂ ಹೊಸದು ಅಂದರೆ ತಡೆದುಕೊಳ್ಳುವುದಿಲ್ಲ. ತಾಯಿ ಜೊತೆ ತಿನ್ನುತ್ತಿದ್ದ ಒಣಹುಲ್ಲು, ಕುದುರೆ ಮೆಂತ್ಯ, ಅದೇ ಫೀಡು ಮುಂದುವರಿಸಿ. ಮಕ್ಕಳು ಪ್ರೀತಿಯಿಂದ ಎಲೆಕೋಸು ತಂದು ಹಾಕುವುದನ್ನು ತಡೆಯಿರಿ. ಮತ್ತೆ ಗಂಡುಮೊಲವನ್ನು ಮೊದಲಿನಿಂದಲೇ ಬೇರೆ ಗೂಡಿನಲ್ಲಿಡಿ. ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬ ಕಟ್ಟಬಲ್ಲದು.

ಇಷ್ಟೆಲ್ಲ ಹೇಳಿದರೂ ಬೂದಿಗಾಗಿ ಎರಡನೇ ಸೆಟ್ ಇವರಿಗೇ ಹೇಳಿದ್ದೇನೆ. ಗೂಡಿನ ಕೆಲಸ ಅಷ್ಟು ಅಚ್ಚುಕಟ್ಟು. ತೆಗೆದು ಹಾಕುವ ಹೊಸಿಲು, ಕೆಳಗಡೆ ಇನ್ನೊಂದು ನಿಪ್ಪಲ್, ಒಂದು ಅಟ್ಟ, ಒಳಗೆ ವಾರ್ನಿಷ್ ಬೇಡ ಅಂತ ಚೀಟಿಯಲ್ಲಿ ಬರೆದು ಕೊಟ್ಟೆ. 400 ರೂಪಾಯಿ ಜಾಸ್ತಿ ಆಗುತ್ತೆ ಅಂದರು. ಸಂಕ್ರಾಂತಿ ಕಳೆದ ಮೇಲೆ ಕೊಡುತ್ತಾರಂತೆ.