ಫುಲ್‌ರೇಂಜ್ ಸ್ಪೀಕರಿನ ಬಾಸ್: ಕಾಯಿಲ್ಲಾ, ಕೆಪಾಸಿಟರಾ?

ಒಂದೇ ಸ್ಪೀಕರ್ ಎಲ್ಲ ಸದ್ದನ್ನೂ ನುಡಿಸುವ ಫುಲ್‌ರೇಂಜ್ ಪೆಟ್ಟಿಗೆಯಲ್ಲಿ ಬಾಸ್ ಸೊರಗುತ್ತದೆ. ಅದನ್ನು ಸರಿಪಡಿಸಲು ಕಾಯಿಲ್ (ತಂತಿಯ ಸುರುಳಿ) ಹಾಕಬೇಕಾ, ಕೆಪಾಸಿಟರಾ? ನನ್ನ ಓಟು ಕೆಪಾಸಿಟರಿಗೆ. ಮಂಗಳೂರಿನ ಹಂಪನಕಟ್ಟೆಯಿಂದ ತಂದ ಕಾಯಿಲ್ ಜೋಡಿ ಈಗ ಹಳೇ ಬಿಸ್ಕತ್ ಡಬ್ಬದಲ್ಲಿ ಉಂಟು.

ನನ್ನದು 20 ಸೆಂಟಿಮೀಟರ್ ಅಗಲದ ಪೆಟ್ಟಿಗೆ. ಸುಮಾರು 575 ಹರ್ಟ್ಸ್‌ನಿಂದ ಕೆಳಗಿನ ಸದ್ದು ಪೆಟ್ಟಿಗೆಯನ್ನು ಸುತ್ತಿಕೊಂಡು ಹಿಂದಕ್ಕೂ ಹೋಗುತ್ತದೆ. ಬಯಲಲ್ಲಿಟ್ಟರೆ 6 ಡೆಸಿಬೆಲ್‌ವರೆಗೆ ನಷ್ಟ. ಯಕ್ಷಗಾನ ಹಾಕಿದರೆ ಚೆಂಡೆ ಕಿವಿಗೆ ಚುಚ್ಚುತ್ತದೆ, ಮದ್ದಳೆ ಎಲ್ಲೋ ದೂರದಲ್ಲಿ. ನಮ್ಮಲ್ಲಿ ಸ್ಪೀಕರ್ ಗೋಡೆಗೆ ತಾಗಿಯೇ ಇದೆ, ಗೋಡೆ ಸ್ವಲ್ಪ ವಾಪಸ್ ಕೊಡುತ್ತದೆ. ಹಾಗಾಗಿ 4 ಡೆಸಿಬೆಲ್ ಸರಿಪಡಿಸಿದರೆ ಸಾಕು.

ಆಂಪ್‌ನ (ಆಂಪ್ಲಿಫೈಯರಿನ) ಬಾಸ್ ನಾಬ್ ಎತ್ತುವುದು 100 ಹರ್ಟ್ಸ್ ಆಸುಪಾಸನ್ನು. ಗುಂಯ್ ಬಂತು, ಮದ್ದಳೆ ಬರಲಿಲ್ಲ.

ಕಾಯಿಲ್ ದಾರಿ ಪುಸ್ತಕದಲ್ಲಿ ಚಂದ. 8 ಓಮ್ ಸ್ಪೀಕರಿಗೆ ಸೀರೀಸ್‌ನಲ್ಲಿ 1.1 ಮಿಲಿಹೆನ್ರಿ ಕಾಯಿಲ್, ಅದಕ್ಕೆ ಪ್ಯಾರಲಲ್ ಆಗಿ 5.6 ಓಮ್ ರೆಸಿಸ್ಟರ್. ಲೆಕ್ಕದಲ್ಲಿ 4.6 ಡೆಸಿಬೆಲ್. ಆದರೆ ಅಂಗಡಿಯಲ್ಲಿ ಎಷ್ಟು ಮಿಲಿಹೆನ್ರಿ ಎಂದು ಕೇಳಿದರೆ, "ಬಾಸ್‌ದೇ ಸರ್, ಹಾಕಿ ನೋಡಿ" ಎಂಬ ಉತ್ತರ. ಮೇಲೆ ಚೀಟಿಯೂ ಇಲ್ಲ, ನಂಬರೂ ಇಲ್ಲ.

ಮನೆಗೆ ತಂದು ಅಳೆದೆ. ಮಿಲಿಹೆನ್ರಿ ಹೆಚ್ಚುಕಮ್ಮಿ ಸರಿಯೇ ಇತ್ತು. ತಂತಿ ಮಾತ್ರ ಕೂದಲಿನಷ್ಟು ತೆಳು, ಅದರದ್ದೇ ಒಂದೂವರೆ ಓಮ್! ಬಾಸ್‌ಗೆ ಅಡ್ಡಿಯಿಲ್ಲದ ದಾರಿ ಆಗಬೇಕಿದ್ದ ಕಾಯಿಲೇ ಬಾಸನ್ನು ತಡೆದರೆ ಹೇಗೆ ಮಾರಾಯ್ರೆ? 4.6 ಇದ್ದದ್ದು 3.4ಕ್ಕೆ ಇಳಿಯಿತು. ಕೋನ್ ಮೇಲಿನ ಆಂಪ್‌ನ ಹಿಡಿತವೂ ಸಡಿಲವಾಯಿತು, ಮದ್ದಳೆಯ ಪೆಟ್ಟು ಮೆತ್ತಗಾಯಿತು. ದಪ್ಪ ತಂತಿಯ ಕಾಯಿಲ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಆದರೆ ತಾಮ್ರದ ರೇಟಿನ ಮೇಲೆ ಕೊರಿಯರ್ ಖರ್ಚು ಬೇರೆ. ನನ್ನ ಬಜೆಟ್‌ಗೆ ಅದು ಆಗುವ ಮಾತಲ್ಲ.

ಕೆಪಾಸಿಟರ್ ಸರ್ಕ್ಯೂಟ್ ಕೂರುವುದು ಆಂಪ್‌ಗೆ ಮೊದಲು. ಸಿಗ್ನಲ್ ದಾರಿಯಲ್ಲಿ 6.8 ಕಿಲೊಓಮ್. ಅದು ದಾಟಿದ ಮೇಲೆ, ಸಿಗ್ನಲ್‌ನಿಂದ ಗ್ರೌಂಡ್‌ಗೆ 10 ಕಿಲೊಓಮ್ ಮತ್ತು 22 ನ್ಯಾನೊಫ್ಯಾರಡ್ ಒಂದರ ಹಿಂದೊಂದು. ಇಂಥದ್ದು ಚಾನೆಲ್‌ಗೊಂದು. ಆಂಪ್ ಇನ್‌ಪುಟ್ 47 ಕಿಲೊಓಮ್ ಇದ್ದರೆ ಸರಿಯಾಗಿ 4 ಡೆಸಿಬೆಲ್. ಸಾಮಾನೆಲ್ಲ ಸೇರಿ ಒಂದು ಪ್ಲೇಟ್ ಗೋಳಿಬಜೆಯ ದುಡ್ಡೂ ಆಗಲಿಲ್ಲ. ಆಂಪ್‌ವರೆಗಿನ ವಯರ್ ಗಿಡ್ಡ ಇರಲಿ, ಶೀಲ್ಡ್ ಇರುವುದೇ ಇರಲಿ, ಇಲ್ಲದಿದ್ದರೆ ಹಮ್ ಬರುತ್ತದೆ. ಇದು ಬಾಸನ್ನು ಎತ್ತುವುದಲ್ಲ, ಮೇಲಿನ ಸದ್ದನ್ನು ತಗ್ಗಿಸುವುದು, ಹಾಗಾಗಿ ವಾಲ್ಯೂಮ್ ಸ್ವಲ್ಪ ಜಾಸ್ತಿ ತಿರುಗಿಸಬೇಕು, ಕಾಯಿಲ್‌ನಲ್ಲೂ ಅಷ್ಟೇ ಬಿಡಿ.

ನಾನು ಟಿವಿಯಿಂದ ವಯರ್ ಎಳೆದು ಕೇಳುವವನು, ಆಂಪೂ ಒಂದೇ. ನನಗೆ ಇದು ಸಾಕು. ನಿಮ್ಮದು ಬ್ಲೂಟೂತ್ ಒಳಗೇ ಇರುವ ಆಂಪ್ ಬೋರ್ಡ್ ಆದರೆ ಇದನ್ನು ಸಿಕ್ಕಿಸಲು ಜಾಗವೇ ಇಲ್ಲ. ಆಗ ದಪ್ಪ ತಂತಿಯ ಕಾಯಿಲ್ಲನ್ನೇ ತರಿಸಿ, ಆದರೆ ಅದರ ಓಮ್ ಎಷ್ಟು ಎಂದು ಮೊದಲೇ ಕೇಳಿ.